ಪೈಪಿನವನ ಹೆಣ ಸಿಕ್ಕಿಲ್ಲ

ಮೀಟರಪ್ಪನ ಮನೆಗೆ ಯಾರೂ ಬರುವುದಿಲ್ಲ ಎಂದರೆ ಅದು ಪೂರ್ತಿ ನಿಜವಲ್ಲ. ಅಂಚೆಯವನು ಆಗಾಗ ಬರುತ್ತಾನೆ, ಪಕ್ಕದ ಮನೆಯ ಕಾಗದ ಹಿಡಿದುಕೊಂಡು. ತಪ್ಪಾಯ್ತು ಎಂದು ಹೇಳಿ ಹೋಗುತ್ತಾನೆ. ಮೀಟರಪ್ಪ ಅವನನ್ನು ಒಳಗೆ ಕರೆದು ನೀರು ಬೇಕೇ ಎಂದು ಕೇಳುತ್ತಾನೆ. ಅವನಿಗೆ ಯಾವತ್ತೂ ಬಾಯಾರಿಕೆ ಆಗಿರುವುದಿಲ್ಲ.

ಮೀಟರಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಉದ್ಯೋಗ ಇಟ್ಟದ್ದು. ಬಿಲ್ಲು ಜಾಸ್ತಿ ಬಂತು, ಮೀಟರು ಸುಳ್ಳು ಹೇಳುತ್ತಿದೆ ಎಂದು ಜನ ತಕರಾರು ತೆಗೆದಾಗ ನೀರಿನ ಕಚೇರಿಯವರು ಆ ಮೀಟರನ್ನು ಬಿಚ್ಚಿ ತಂದು ಇವನ ಮುಂದೆ ಇಡುತ್ತಾರೆ. ಕಚೇರಿಯ ಹಿಂದುಗಡೆ, ಪಂಪಿನ ಪಕ್ಕದ ಕೋಣೆಯಲ್ಲಿ ಇವನು ಒಬ್ಬನೇ ಕೂತು ಅದರೊಳಗೆ ಅಳೆದ ನೀರು ಹರಿಸಿ ಸತ್ಯಾಸತ್ಯತೆ ತೀರ್ಮಾನಿಸುತ್ತಾನೆ. ಸುಳ್ಳು ಹೇಳಿದ ಮೀಟರು ಸಿಕ್ಕಿದ್ದು ಬಹಳ ಅಪರೂಪ. ಪಂಪಿನ ಸದ್ದಿಗೆ ಕಿವಿ ಸ್ವಲ್ಪ ಮಂದವಾಗಿದೆ, ಕಿವಿ ಮಂದವಾದ್ದರಿಂದ ಗಂಟಲು ದೊಡ್ಡದಾಗಿದೆ. ವಯಸ್ಸು ಐವತ್ತು ದಾಟಿದೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಕೇಳುವುದು ಬಿಟ್ಟಿದ್ದಾರೆ.

ಕೆಲವು ತಿಂಗಳ ಹಿಂದೆ ಅವನಿಗೆ ಜ್ವರ ಬಂತು. ಸೋಮವಾರ ಏರಿದ್ದು ಶನಿವಾರ ಇಳಿಯಿತು. ಮುಂದಿನ ವಾರ ಕಚೇರಿಗೆ ಹೋಗಿ ಸಾಹೇಬರ ಮುಂದೆ ನಿಂತು ಕ್ಷಮಾಪಣೆಗೆ ಬಾಯಿ ತೆರೆಯುವಷ್ಟರಲ್ಲಿ ಅವರು ಕಡತದಿಂದ ತಲೆ ಎತ್ತದೆ, "ಮೊನ್ನೆ ಹೇಳಿದ್ನಲ್ಲ, ಆ ಮೀಟರ್ ಆಯ್ತಾ?" ಎಂದರು. ಮೊನ್ನೆ ಅವನು ಕಂಬಳಿ ಹೊದ್ದು ನಡುಗುತ್ತಿದ್ದ. "ಆಗ್ತಾ ಇದೆ ಸಾರ್," ಎಂದು ಹೇಳಿ ಹೊರಗೆ ಬಂದ. ಇಡೀ ವಾರ ಅವನು ಇಲ್ಲದ್ದು ಆ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಜ್ವರಕ್ಕಿಂತ ಅದೇ ಅವನನ್ನು ಹೆಚ್ಚು ಸುಸ್ತು ಮಾಡಿತು.

ಇಂಥ ಮನುಷ್ಯನಿಗೂ ಲೋಕದಲ್ಲಿ ಒಬ್ಬ ವೈರಿ ಇದ್ದ. ಅದೇ ಅವನ ಭಾಗ್ಯ.

ಬಹಳ ವರ್ಷಗಳ ಹಿಂದೆ ಟಿವಿಯಲ್ಲಿ 'ಏಳನೇ ಕಕ್ಷೆ' ಎಂಬ ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ತೇಲುವ ದೊಡ್ಡ ಹಡಗು, ಅದರಲ್ಲಿ ನಾಯಕ, ನಾಯಕಿ, ಮಾತಾಡುವ ಯಂತ್ರ, ಹಸಿರು ಮುಖದ ಶತ್ರುಗಳು. ಲೋಕಕ್ಕೆಲ್ಲ ಇವರು ನೆನಪಿದ್ದರು, ಆಮೇಲೆ ಮರೆತೂ ಹೋದರು. ಆದರೆ ಆ ಹಡಗಿನಲ್ಲಿ ಪೈಪು ರಿಪೇರಿ ಮಾಡುವ ಒಬ್ಬನಿದ್ದ. ಅವನಿಗೆ ಹೆಸರಿಲ್ಲ. ನಾಯಕ ನಾಯಕಿ ಗಂಭೀರವಾಗಿ ಮಾತಾಡುವಾಗ ಹಿಂದೆ ಬಗ್ಗಿ ಏನೋ ತಿರುಗಿಸುತ್ತಿದ್ದ. ಇಡೀ ಧಾರಾವಾಹಿಯಲ್ಲಿ ಅವನ ಮಾತು ಒಂದೇ: "ಸ್ವಲ್ಪ ಸರೀರಿ." ಒಂದು ಸಂಚಿಕೆಯಲ್ಲಿ ಹಡಗಿಗೆ ತೂತು ಬಿದ್ದು ಮೂರನೇ ಓಣಿಯ ಗಾಳಿಯೆಲ್ಲ ಹೊರಗೆ ಹೋಗುತ್ತದೆ, ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಅದಾದ ಮೇಲೆ ಪೈಪಿನವನು ಕಾಣಿಸುವುದಿಲ್ಲ. ಹಡಗಿನಲ್ಲಿ ಯಾರೂ ಅವನ ಸುದ್ದಿ ಎತ್ತುವುದೂ ಇಲ್ಲ.

ಅವನು ಸತ್ತನೋ ಬದುಕಿದ್ದಾನೋ? ಈ ಪ್ರಶ್ನೆಗೆ ಒಂದು ಅಭಿಮಾನಿ ಸಂಘ ಹುಟ್ಟಿತು. ಮೊದಲು ನೂರಾರು ಜನ ಇದ್ದರು. ಪೈಪಿನವನ ಟೋಪಿ ಬೂದಿಯೋ ನೀಲಿಯೋ ಎಂಬ ಚರ್ಚೆಯಲ್ಲಿ ಅರ್ಧ ಜನ ಮುನಿಸಿಕೊಂಡು ಹೋದರು. ಅವನು ಕುಂಟುತ್ತಿದ್ದದ್ದು ಎಡಗಾಲೋ ಬಲಗಾಲೋ ಎಂಬಲ್ಲಿ ಉಳಿದವರು ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬಂದರು. ಕೊನೆಗೆ ಉಳಿದವರು ಇಬ್ಬರು. ಒಬ್ಬ ನಮ್ಮ ಮೀಟರಪ್ಪ. ಇನ್ನೊಬ್ಬರು ದೂರದ ಊರಿನ, ಔಷಧಿ ಅಂಗಡಿಯಿಂದ ನಿವೃತ್ತರಾದ ಕಾಂಪೌಂಡರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಭಾನುವಾರ ಬೆಳಿಗ್ಗೆ ಕಾಂಪೌಂಡರು ಫೋನು ಮಾಡುತ್ತಾರೆ, ಜಗಳ ಶುರುವಾಗುತ್ತದೆ, ಊಟದ ಹೊತ್ತಿಗೆ ಮುಗಿಯುತ್ತದೆ.

ಈ ಜಗಳಕ್ಕೆ ಸಂಘ ಹುಟ್ಟಿದಂದಿನಿಂದ ಒಂದು ಕಟ್ಟುನಿಟ್ಟಿನ ನಿಯಮ. ಪೈಪಿನವನನ್ನು ಒಬ್ಬ ನಿಜವಾದ ಮನುಷ್ಯ ಎಂದೇ ಭಾವಿಸಿ ಮಾತಾಡಬೇಕು. ನಟ, ಪಾತ್ರ, ಸಂಚಿಕೆ ಎಂಬ ಮಾತು ಬರಕೂಡದು. ಯಾರು "ಅದು ಬರೀ ಸೀರಿಯಲ್" ಅಂದರೋ ಅವರು ಅಲ್ಲಿಗೆ ಸೋತಂತೆ, ವಾದ ಅಲ್ಲಿಗೆ ಮುಗಿದಂತೆ.

ಆ ಭಾನುವಾರ ಸೆಕೆ ಇತ್ತು, ಕಿಟಕಿ ತೆರೆದಿತ್ತು. ಪಕ್ಕದ ಮನೆಯ ಹೆಡ್‌ಮಿಸ್ಸು ತಮ್ಮ ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಶಾಲೆ ಬಿಟ್ಟು ನಿವೃತ್ತರಾಗಿ ವರ್ಷಗಳಾದರೂ ಈ ಬೀದಿಯನ್ನು ತರಗತಿ ಎಂದೇ ನಡೆಸುವವರು ಅವರು. ಮೀಟರಪ್ಪನ ಗಂಟಲು ಹೇಗಿದೆ ಎಂದರೆ, ಕೇಳಬಾರದು ಅಂದುಕೊಂಡರೂ ಕೇಳುತ್ತದೆ. ಹೆಡ್‌ಮಿಸ್ಸು ಹಾಗೇನೂ ಅಂದುಕೊಂಡಿರಲಿಲ್ಲ.

"ಹೆಣ ಸಿಕ್ತಾ? ಸಿಕ್ಕಿಲ್ಲ ತಾನೇ? ಮತ್ತೆ ಸತ್ತ ಅಂತ ಹೇಗೆ ಹೇಳ್ತೀರಿ?"

ಫೋನಿನ ಆ ಕಡೆಯಿಂದ ಕಾಂಪೌಂಡರು ಹೇಳಿದ್ದು ಹೆಡ್‌ಮಿಸ್ಸಿಗೆ ಕೇಳಿಸಲಿಲ್ಲ. ಅದು ಹೀಗಿತ್ತು: "ನಲವತ್ತು ವರ್ಷ ಔಷಧಿ ಅಂಗಡೀಲಿ ನಿಂತವನು ನಾನು. ತಪ್ಪದೆ ಬರೋನು ಒಂದು ದಿನ ಬರಲಿಲ್ಲ ಅಂದ್ರೆ ಏನರ್ಥ ಅಂತ ನನಗೆ ಗೊತ್ತು. ಬದುಕಿದ್ದಿದ್ರೆ ಹಡಗಲ್ಲಿ ಯಾರಾದ್ರೂ ಕೇಳ್ತಿದ್ರು."

"ಕೇಳಲ್ಲ ರೀ, ಯಾರೂ ಕೇಳಲ್ಲ. ಅಷ್ಟು ಜನ ಇದ್ರಲ್ಲ, ಒಬ್ಬರಾದ್ರೂ ಕೇಳಿದ್ರಾ? ಬಾಗಿಲು ತಟ್ಟಿದ್ರಾ? ಅವನು ಒಳಗೇ ಇದಾನೆ, ತನ್ನ ಕೋಣೇಲಿ ಕೂತಿದಾನೆ. ಯಾರಾದ್ರೂ ಬರ್ತಾರೇನೋ ಅಂತ ಕಾಯ್ತಾ ಇದಾನೆ."

ಹೆಡ್‌ಮಿಸ್ಸಿನ ಕೈಯಲ್ಲಿದ್ದ ನೀರು ಗಿಡದ ಬದಲು ಕೆಳಗಿನ ಮನೆಯವರ ಒಗೆದ ಬಟ್ಟೆಯ ಮೇಲೆ ಬಿತ್ತು. ಫೋನು ಇಟ್ಟ ಸದ್ದು ಕೇಳಿದ್ದೇ ತಡ, ಅವರು ಇವನ ಬಾಗಿಲು ತಟ್ಟಿದರು. ಅದೇ ಮಹಡಿಯಲ್ಲಿ ಇಷ್ಟು ವರ್ಷ ಇದ್ದರೂ ತಟ್ಟಿದ್ದು ಅದೇ ಮೊದಲು.

"ಎಲ್ಲ ಕೇಳಿಸ್ತು. ಯಾರು ನಿಮಗೆ ಅವರು?"

ಮೀಟರಪ್ಪ ಇನ್ನೂ ವಾದದ ಗುಂಗಿನಲ್ಲಿದ್ದ. "ನಮ್ಮವನೇ," ಎಂದ. ಸಂಘದವರು ಪೈಪಿನವನನ್ನು ಕರೆಯುತ್ತಿದ್ದದ್ದೇ ಹಾಗೆ.

"ತಮ್ಮನಾ?"

ಅವನು ತಲೆಯನ್ನು ಉದ್ದಕ್ಕೆ ಆಡಿಸಿದನೋ ಅಡ್ಡಕ್ಕೋ ಅವನಿಗೇ ತಿಳಿಯಲಿಲ್ಲ. ಅಲ್ಲ ಮೇಡಂ, ಅವನು ಟಿವಿಯಲ್ಲಿ ಬರುವವನು ಎಂದು ಹೇಳಲು ಬಾಯಿ ತೆರೆದ, ದೇವರಾಣೆ ತೆರೆದ. ಅಷ್ಟರಲ್ಲಿ ಹೆಡ್‌ಮಿಸ್ಸು ಅವನ ಭುಜದ ಮೇಲೆ ಕೈಯಿಟ್ಟು, "ಊಟ ಮಾಡಿದ್ರಾ?" ಎಂದು ಕೇಳಿದರು. ಆ ಮಾತನ್ನು ಅವನಿಗೆ ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು. ಸತ್ಯ ಗಂಟಲಿನವರೆಗೆ ಬಂದದ್ದು ಮೆಲ್ಲನೆ ವಾಪಸ್ಸು ಇಳಿಯಿತು. "ಇಲ್ಲ," ಎಂದ. ಸುಳ್ಳೇನಲ್ಲ, ನಿಜವಾಗಿಯೂ ಊಟ ಆಗಿರಲಿಲ್ಲ.

ಸಂಜೆಯೊಳಗೆ ಕಟ್ಟಡಕ್ಕೆಲ್ಲ ಸುದ್ದಿ ಮುಟ್ಟಿತು. ಮೀಟರಪ್ಪನ ತಮ್ಮ ಹಡಗಿನಲ್ಲಿ ಪೈಪಿನ ಕೆಲಸಕ್ಕೆ ಹೋದವನು ಕಾಣೆಯಾಗಿದ್ದಾನೆ, ಪಾಪ, ಇವರು ಇಷ್ಟು ವರ್ಷ ನುಂಗಿಕೊಂಡು ಒಬ್ಬರೇ ಕೊರಗುತ್ತಿದ್ದರು. ಮರುದಿನದಿಂದ ಮನೆ ತುಂಬ ಜನ. ಇವನ ಮನೆಯಲ್ಲಿದ್ದದ್ದು ಎರಡು ಕುರ್ಚಿ, ಅದರಲ್ಲಿ ಒಂದರ ಮೇಲೆ ಹಳೇ ಪತ್ರಿಕೆ. ಜನ ತಮ್ಮ ತಮ್ಮ ಕುರ್ಚಿ ತಾವೇ ಹೊತ್ತುಕೊಂಡು ಬಂದರು. ಯಾರೋ ನೆಲ ಗುಡಿಸಿದರು, ಯಾರೋ ತಲೆದಿಂಬಿನ ಚೀಲ ಬದಲಾಯಿಸಿದರು. ಹೆಡ್‌ಮಿಸ್ಸು ಹೊತ್ತು ಹೊತ್ತಿಗೆ ಊಟದ ಡಬ್ಬಿ ಕಳಿಸಿ, ಖಾಲಿ ಡಬ್ಬಿಯನ್ನು ತಾವೇ ಪರೀಕ್ಷಿಸಿ, ಉಳಿಸಿದ್ದಕ್ಕೆ ಗದರಿಸಿದರು. ಮೀಟರಪ್ಪನಿಗೆ ಆ ಗದರಿಕೆ ಬಹಳ ಹಿಡಿಸಿತು.

ಕಚೇರಿಯ ಸಾಹೇಬರೂ ಸಿಬ್ಬಂದಿಯನ್ನು ಕಟ್ಟಿಕೊಂಡು ಬಂದರು. ಸಾಹೇಬರು ನಿಂತು ಭಾಷಣದ ಧಾಟಿಯಲ್ಲಿ, "ಇವರು ಒಂದು ದಿನ ಬರದಿದ್ರೂ ಇಡೀ ಕಚೇರಿ ನಿಂತುಹೋಗುತ್ತೆ," ಎಂದರು. ಎಲ್ಲರೂ ಹೌದೆಂದು ತಲೆದೂಗಿದರು. ಮೀಟರಪ್ಪ ನೆಲ ನೋಡಿದ. ದುಃಖದಲ್ಲಿದ್ದಾರೆ ಎಂದು ಸಾಹೇಬರು ಇನ್ನಷ್ಟು ಹೊಗಳಿದರು.

ಆಮೇಲೆ ಆದದ್ದೇ ವಿಚಿತ್ರ. ಜನಕ್ಕೆ ಆ ತಮ್ಮ ನೆನಪಾಗತೊಡಗಿದ.

"ನಾನು ನೋಡಿದೀನಿ ಅವರನ್ನ," ಎಂದರು ಕೆಳಗಿನ ಮನೆಯ ದರ್ಜಿ. "ಒಂದ್ಸಲ ಮೆಟ್ಟಿಲಲ್ಲಿ ಎದುರಾಗಿದ್ರು. ನೀಲಿ ಟೋಪಿ."

"ಬೂದಿ," ಎಂದ ಮೀಟರಪ್ಪ ತಡೆಯಲಾರದೆ.

"ಬಲಗಾಲು ಸ್ವಲ್ಪ ಎಳೀತಿದ್ರು ಅಲ್ವಾ?" ಎಂದರು ಹೆಡ್‌ಮಿಸ್ಸು. ಎಳೆಯುತ್ತಿದ್ದದ್ದು ಅವರ ಗಂಡನ ತಮ್ಮ, ಅದು ಬೇರೆ ವಿಷಯ.

"ಎಡಗಾಲು, ಮೇಡಂ. ಎಡಗಾಲೇ. ಬಾಗಿಲಿಂದ ಏಣಿಗೆ ಹೋಗುವಾಗ ಸ್ಪಷ್ಟವಾಗಿ ಕಾಣುತ್ತೆ."

"ಎಷ್ಟು ಚೆನ್ನಾಗಿ ನೆನಪಿಟ್ಟಿದಾರೆ ನೋಡಿ," ಎಂದು ಜನ ಕಣ್ಣೊರೆಸಿಕೊಂಡರು. ದರ್ಜಿ ಮಾತ್ರ ಜಗ್ಗಲಿಲ್ಲ. ಬಣ್ಣದ ವಿಷಯದಲ್ಲಿ ತನ್ನ ಕಣ್ಣು ಮೋಸ ಹೋಗುವುದಿಲ್ಲ, ಟೋಪಿ ನೀಲಿಯೇ ಎಂದು ಹಟ ಹಿಡಿದರು. ಮೂರು ದಿನದೊಳಗೆ ಆ ಮೆಟ್ಟಿಲ ಮೇಲೆ ನೀಲಿ ಪಕ್ಷ, ಬೂದಿ ಪಕ್ಷ ಎಂದು ಎರಡಾಯಿತು. ಸಂಘ ಒಡೆದ ಕಾಲದಲ್ಲೂ ಇಷ್ಟು ಬಿಸಿ ಇರಲಿಲ್ಲ. ಮೀಟರಪ್ಪ ನಡುವೆ ಕೂತು ಎಲ್ಲರ ಮಾತು ಕೇಳುತ್ತಿದ್ದ. ಪೈಪಿನವನ ಬಗ್ಗೆ ಇಷ್ಟು ಜನ ಕೇಳುತ್ತಿದ್ದಾರಲ್ಲ ಎಂದು ಅವನಿಗೆ ಸಂತೋಷವಾಗುತ್ತಿತ್ತು. ಅವರೆಲ್ಲ ಎದ್ದು ಹೋದ ಮೇಲೆ ಭಯವಾಗುತ್ತಿತ್ತು. ಸತ್ಯ ಹೇಳಿದರೆ ಮತ್ತೆ ಎರಡೇ ಕುರ್ಚಿ.

ಆ ಬಡಾವಣೆಯ ಠಾಣೆಯ ದಫೇದಾರ ಹೆಡ್‌ಮಿಸ್ಸಿನ ಹಳೆಯ ಶಿಷ್ಯ. ಮೀಸೆ ಬಂದು ನೆರೆತರೂ ಅವರ ಮುಂದೆ ಕೈಕಟ್ಟಿ ನಿಲ್ಲುವವನು. "ಹುಡುಕಿಕೊಡು," ಎಂದು ಮಿಸ್ಸು ಅಪ್ಪಣೆ ಮಾಡಿದ ಮೇಲೆ ಅವನಿಗೆ ಬೇರೆ ದಾರಿ ಇರಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆಯೇ ಬಂದು ವಿಚಾರಣೆಗೆ ಕೂತ.

"ಕೊನೇ ಸಲ ಎಲ್ಲಿ ಕಂಡಿದ್ದು?"

"ಮೂರನೇ ಓಣೀಲಿ."

"ಹಡಗು ಆಗ ಎಲ್ಲಿತ್ತು?"

"ದಡದಿಂದ ಬಹಳ ದೂರ," ಎಂದ ಮೀಟರಪ್ಪ. ಇದರಲ್ಲೂ ಎಳ್ಳಷ್ಟು ಸುಳ್ಳಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕಾಂಪೌಂಡರ ಹೊತ್ತು. ಮೀಟರಪ್ಪ ಗಾಬರಿಯಿಂದ ಫೋನಿನ ಬಾಯಿ ಮುಚ್ಚಿಸಿ ಮೇಜಿನ ಖಾನೆಯೊಳಗೆ ತಳ್ಳಿದ. ಅದು ಖಾನೆಯೊಳಗೇ ಗುಯ್ಗುಟ್ಟಿತು, ನಿಂತಿತು, ಮತ್ತೆ ಗುಯ್ಗುಟ್ಟಿತು. ಯಾರದು ಎಂದು ದಫೇದಾರ ಕೇಳಿದ. ಯಾರೂ ಇಲ್ಲ ಎಂದ. ಹೀಗೆ ಆ ವಾರದಲ್ಲಿ ಅವನು ಬಾಯಿಬಿಟ್ಟು ಹೇಳಿದ ಸುಳ್ಳು ಇದೊಂದೇ.

ಮಧ್ಯಾಹ್ನದ ಬಸ್ಸಿಗೆ ಅವನ ಅಕ್ಕ ಬಂದಳು. ಹೆಡ್‌ಮಿಸ್ಸೇ ನಂಬರು ಹುಡುಕಿ ತಿಳಿಸಿದ್ದರು. ಅವಳು ಒಳಗೆ ಕಾಲಿಡುತ್ತಲೇ ಹೆಂಗಸರು ಹಿಡಿದುಕೊಂಡು ಸಮಾಧಾನ ಮಾಡಿದರು. ಅವಳು ಎಲ್ಲರ ಕೈ ಬಿಡಿಸಿಕೊಂಡು ತಮ್ಮನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ನಮ್ಮಮ್ಮ ಹೆತ್ತಿದ್ದು ಇಬ್ಬರನ್ನ. ಈ ಮೂರನೆಯವನು ಎಲ್ಲಿಂದ ಬಂದ್ನೋ?"

ಅವನು ಹೇಳಿದ. ಅವಳು ತಲೆ ಮೇಲೆ ಕೈ ಹೊತ್ತು ಕೂತಳು.

"ನಿನಗೇನು ಬುದ್ಧಿ ಕೆಟ್ಟಿದೆಯಾ? ಜನಕ್ಕೆ ಗೊತ್ತಾದ್ರೆ ಏನು ಗತಿ? ಒಂಟಿ ಅನ್ನಿಸಿದ್ರೆ ನನಗೆ ಫೋನ್ ಮಾಡೋಕೆ ಏನಾಗಿತ್ತು?"

"ಜ್ವರ ಬಂದಾಗ ಮಾಡಿದ್ದೆ. ಮನೇಲಿ ನೆಂಟರಿದಾರೆ, ಆಮೇಲೆ ಮಾಡ್ತೀನಿ ಅಂದೆ ನೀನು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದು ಹೆಂಗಸರ ನಡುವೆ ಕೂತಳು. ಹೆಡ್‌ಮಿಸ್ಸು ಬೆನ್ನು ಸವರಿದಾಗ ಅವಳಿಗೆ ನಿಜವಾಗಿಯೂ ಅಳು ಬಂತು. ಯಾರ ಸಲುವಾಗಿ ಎಂದು ಅಲ್ಲಿ ಕೇಳಿದವರಿಲ್ಲ.

ಇಳಿಹೊತ್ತಿನಲ್ಲಿ ಮೆಟ್ಟಿಲ ಬಳಿ ಒಬ್ಬರು ಮುದುಕರು ಬಂದು ನಿಂತರು. ಕೈಯಲ್ಲಿ ಬಟ್ಟೆಚೀಲ, ಹಳೇ ವಿಳಾಸದ ಚೀಟಿ, ಮೈಯೆಲ್ಲ ಬಸ್ಸಿನ ಧೂಳು. ಮೇಲಿನಿಂದ ಕೆಳಗಿನವರೆಗೆ ಬಿಟ್ಟಿದ್ದ ಚಪ್ಪಲಿಗಳ ರಾಶಿ ನೋಡಿದರು, ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರನ್ನು ನೋಡಿದರು. ಮೇಲೆ ಹತ್ತದೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು.

"ತಡವಾಗಿ ಬಂದೆ," ಎಂದರು. "ಬೆಳಿಗ್ಗೆ ಮೊದಲನೇ ಸಲ ಫೋನ್ ಎತ್ತದೇ ಇದ್ದಾಗಲೇ ಹೊರಡಬೇಕಿತ್ತು. ಮೀಟರಪ್ಪನವರಿಗೆ ಏನಾಗಿತ್ತು?"

"ಅವರಿಗೇನೂ ಆಗಿಲ್ಲ. ಒಳಗೆ ಕೂತಿದಾರೆ," ಎಂದರು ದರ್ಜಿ.

ಮುದುಕರಿಗೆ ಎಲ್ಲಿಂದ ಶಕ್ತಿ ಬಂತೋ, ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದರು. ಕುರ್ಚಿಯಲ್ಲಿದ್ದ ಮೀಟರಪ್ಪನನ್ನು ಕಣ್ತುಂಬ ನೋಡಿದರು. ಮುಖ ನೋಡಿದ್ದು ಅದೇ ಮೊದಲಾದರೂ ಬೈಯಲು ತಡವಾಗಲಿಲ್ಲ.

"ಬದುಕಿದೀರಾ? ಬದುಕಿದ್ದೂ ಫೋನ್ ಎತ್ತಲ್ವಾ? ನನ್ನ ಎದೆ ಒಡೆದುಹೋಯ್ತು ಅನ್ನೋದು ಗೊತ್ತಾ?"

ಧ್ವನಿ ಕೇಳಿದ್ದೇ ಮೀಟರಪ್ಪ ಎದ್ದು ನಿಂತ.

ಹೆಡ್‌ಮಿಸ್ಸು ಅಡ್ಡ ಬಂದರು. "ಅವರ ಮೇಲೆ ಕೂಗಾಡಬೇಡಿ. ತಮ್ಮ ಕಾಣೆಯಾಗಿರೋ ದುಃಖದಲ್ಲಿದಾರೆ. ಹಡಗಲ್ಲಿ ಪೈಪಿನ ಕೆಲಸದಲ್ಲಿದ್ದರು, ಕುಂಟು ಕಾಲು, ನೀಲಿ ಟೋಪಿ."

"ಟೋಪಿ ಬೂದಿ," ಎಂದರು ಕಾಂಪೌಂಡರು. "ಕಾಣೆಯಾಗೋದೇನು ಬಂತು? ಅವನು ಸತ್ತ ಅಂತ ನಾನು ಮೊದಲಿಂದ ಹೇಳ್ತಾನೇ ಇದೀನಿ."

ದಫೇದಾರ ಎದ್ದು ಸೊಂಟದ ಪಟ್ಟಿ ಸರಿಮಾಡಿಕೊಂಡ.

"ಸತ್ತಿದ್ದನ್ನ ನೀವು ನೋಡಿದ್ರಾ?"

"ಕಣ್ಣಾರೆ. ಬಾಗಿಲು ಮುಚ್ಚಿತು, ಗಾಳಿ ಹೋಯ್ತು. ಮುಗೀತು."

"ಆಗ ನೀವೇನು ಮಾಡ್ತಿದ್ರಿ?"

"ಬಿಸ್ಕತ್ತು ತಿಂತಾ ಇದ್ದೆ."

"ಒಬ್ಬ ಮನುಷ್ಯ ಉಸಿರು ಕಟ್ಟಿ ಸಾಯ್ತಿದ್ದ, ನೀವು ಬಿಸ್ಕತ್ತು ತಿಂತಿದ್ರಿ?"

"ಟೀ ಜೊತೆಗೆ," ಎಂದರು ಕಾಂಪೌಂಡರು ಪ್ರಾಮಾಣಿಕವಾಗಿ.

ಹೆಂಗಸರು ಹಿಂದೆ ಸರಿದರು. ಅಂದೂ ಬಂದಿದ್ದ ಕಚೇರಿಯ ಸಾಹೇಬರು ಬಾಗಿಲಿಗೆ ಹತ್ತಿರವಾದರು. "ನಡೀರಿ ಠಾಣೆಗೆ," ಎಂದು ದಫೇದಾರ ಅವರ ತೋಳು ಹಿಡಿದ. ಕಾಂಪೌಂಡರಿಗೆ ಆಗ ಪರಿಸ್ಥಿತಿಯ ಅರಿವಾಯಿತು. ಒಂದು ಮಾತು ಹೇಳಿದರೆ ಬಿಡುಗಡೆ, ಆದರೆ ಆ ಮಾತು ಹೇಳಿದವನು ಸೋತಂತೆ. ಇಷ್ಟು ವರ್ಷದ ವಾದವನ್ನು ಒಬ್ಬ ದಫೇದಾರನಿಗೆ ಹೆದರಿ ಬಿಟ್ಟುಕೊಡುವ ಜೀವವಲ್ಲ ಅದು. ತುಟಿ ಬಿಗಿಹಿಡಿದು ಮೀಟರಪ್ಪನ ಮುಖ ನೋಡಿದರು.

ಮೀಟರಪ್ಪ ಸುತ್ತ ನೋಡಿದ. ತುಂಬಿದ ಮನೆ. ಇವನು ಸುಮ್ಮನಿದ್ದರೆ ನಾಳೆಯೂ ಡಬ್ಬಿ ಬರುತ್ತದೆ, ನಾಳೆಯೂ ಊಟ ಆಯ್ತಾ ಎಂದು ಯಾರಾದರೂ ಕೇಳುತ್ತಾರೆ.

"ಬಿಡಿ ಅವರನ್ನ," ಎಂದ. "ಪೈಪಿನವನು ಅಂತ ಯಾರೂ ಇಲ್ಲ. ಅದು ಬರೀ ಸೀರಿಯಲ್."

ಅರ್ಥವಾಗಲು ಜನಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಯಾರೂ ಹೆಚ್ಚು ಮಾತಾಡಲಿಲ್ಲ. ಮೀಟರಪ್ಪನಿಗೆ ಬೈಗುಳಕ್ಕಿಂತ ಅದು ಕಷ್ಟವಾಯಿತು. ಸಾಹೇಬರು, "ನಾಳೆ ಕಚೇರಿಗೆ ಬನ್ನಿ, ಮಾತಾಡೋಣ," ಎಂದು ಹೋದರು. ದಫೇದಾರ ತಾನು ಇಲ್ಲಿಗೆ ಬಂದೇ ಇಲ್ಲ ಎಂಬ ಮುಖ ಮಾಡಿಕೊಂಡು ಇಳಿದ. ದರ್ಜಿಯೊಬ್ಬರೇ ಬಾಗಿಲಲ್ಲಿ ನಿಂತು, ಮೆಟ್ಟಿಲಲ್ಲಿ ಹಾಗಾದರೆ ತಾನು ನೋಡಿದ್ದು ಯಾರನ್ನು ಎಂದು ಗೊಣಗಿದರು. ಎಲ್ಲರೂ ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ಹೊರಟರು. ಕೊನೆಯಲ್ಲಿ ಹೆಡ್‌ಮಿಸ್ಸು ಅಡಿಗೆಮನೆಗೆ ಹೋಗಿ, ಅರ್ಧ ಊಟ ಉಳಿದಿದ್ದ ಡಬ್ಬಿಯನ್ನು ಹಾಗೇ ಮುಚ್ಚಿ ತೆಗೆದುಕೊಂಡರು.

"ನಾನು ಎರಡು ದಿನ ನಿದ್ದೆ ಮಾಡಿಲ್ಲ, ಗೊತ್ತಾ?" ಎಂದರು.

ಕಾಂಪೌಂಡರು ಎರಡನೇ ಕುರ್ಚಿಯಲ್ಲಿ ಕೂತು ನೀರು ಕುಡಿದರು. ಫೋನಿನಲ್ಲಿ ಊಟದ ಹೊತ್ತಿನವರೆಗೆ ಕಿರುಚಾಡುವವರಿಗೆ ಎದುರುಬದುರು ಕೂತಾಗ ಏನು ಹೇಳಬೇಕೋ ತೋಚಲಿಲ್ಲ.

"ಹೇಳಿಬಿಟ್ರಲ್ಲ," ಎಂದರು ಕಾಂಪೌಂಡರು ಕೊನೆಗೆ.

"ಹೇಳ್ದೆ."

"ಸೋತ್ರಿ."

"ಹೂಂ. ಸೋತೆ."

ಗೆದ್ದವರ ಮುಖದಲ್ಲಿ ಗೆಲುವಿರಲಿಲ್ಲ. ಕೊನೇ ಬಸ್ಸು ತಪ್ಪುತ್ತದೆ ಎಂದು ಎದ್ದರು. ಚೀಲದಿಂದ ಒಂದಿಷ್ಟು ಮಾತ್ರೆ ತೆಗೆದು, ಇದು ಜ್ವರಕ್ಕೆ, ಇದು ತಲೆನೋವಿಗೆ ಎಂದು ಮೇಜಿನ ಮೇಲೆ ಬೇರೆ ಬೇರೆ ಮಾಡಿ ಇಟ್ಟರು. ಅಕ್ಕನೂ ಅವರ ಜೊತೆಗೇ ನಿಲ್ದಾಣಕ್ಕೆ ಹೊರಟಳು. ಹೋಗುವಾಗ ತಮ್ಮನ ತಲೆ ಸವರಿ, ಫೋನ್ ಮಾಡ್ತೀನಿ ಕಣೋ ಎಂದಳು. ಮಾಡಿದಳು ಕೂಡ, ಒಂದು ಸಲ.

ಮುಂದಿನ ವಾರ ಮೀಟರಪ್ಪ ಕಚೇರಿಗೆ ಹೋದ, ಬಂದ. ದುಃಖದ ಹೆಸರಿನಲ್ಲಿ ಅವನು ಮನೆಯಲ್ಲಿದ್ದ ದಿನಗಳನ್ನೆಲ್ಲ ಸಾಹೇಬರು ಸಂಬಳವಿಲ್ಲದ ರಜೆ ಮಾಡಿದರು. ಈ ಸಲವಾದರೂ ಇಲ್ಲದ್ದು ಗಮನಕ್ಕೆ ಬಂತಲ್ಲ ಎಂದು ಅವನು ಅದನ್ನು ಹೊಟ್ಟೆಗೆ ಹಾಕಿಕೊಂಡ. ಮೆಟ್ಟಿಲಲ್ಲಿ ಎದುರಾದವರು ಗೋಡೆ ನೋಡಿದರು. ಹೆಡ್‌ಮಿಸ್ಸಿನ ಬಾಲ್ಕನಿಯ ಬಾಗಿಲು ಇವನ ಕಿಟಕಿ ತೆರೆದೊಡನೆ ಮುಚ್ಚಿಕೊಳ್ಳುತ್ತಿತ್ತು. ಇದೆಲ್ಲ ಅವನಿಗೆ ಅಭ್ಯಾಸವಿತ್ತು. ಅಭ್ಯಾಸವಿಲ್ಲದ್ದು ಒಂದೇ: ಭಾನುವಾರ ಬರುತ್ತಿತ್ತು, ಆ ಭಾನುವಾರ ಮಾತಾಡಲು ಏನೂ ಇರಲಿಲ್ಲ. ವಾದ ಮುಗಿದುಹೋಗಿತ್ತು. ಸೋತವನಿಗೆ ಗೆದ್ದವನು ಯಾವ ನೆಪಕ್ಕೆ ಫೋನು ಮಾಡಬೇಕು?

ಭಾನುವಾರ ಬಂತು. ಅವನು ಕುರ್ಚಿಯಲ್ಲಿ ಕೂತ. ಎಂದಿನ ಹೊತ್ತು ದಾಟಿತು, ಫೋನು ಬರಲಿಲ್ಲ. ಪೇಪರು ಓದಿದ, ಅದನ್ನೇ ಮತ್ತೊಮ್ಮೆ ಓದಿದ. ಅವನಿಗೆ ಅಳು ಬಂತು, ಅತ್ತ. ಆಮೇಲೆ ಎದ್ದು ಅಕ್ಕಿ ತೊಳೆಯಲು ಹೋದ. ಕೈ ಒದ್ದೆಯಾಗಿದ್ದಾಗ ಫೋನು ಬಡಿದುಕೊಂಡಿತು.

"ತಡವಾಯ್ತು," ಎಂದರು ಕಾಂಪೌಂಡರು. "ನಮ್ಮ ಅಳಿಯ ವಕೀಲ, ಅವನು ಏಳೋದೇ ಇಷ್ಟು ಹೊತ್ತಿಗೆ. ಒಂದು ವಿಷಯ ಕೇಳೋದಿತ್ತು, ಕೇಳ್ದೆ. ಪೊಲೀಸರ ಎದುರು ಒಪ್ಪಿಕೊಂಡಿದ್ದು ಯಾವ ನ್ಯಾಯಾಲಯದಲ್ಲೂ ಲೆಕ್ಕಕ್ಕೆ ಬರಲ್ವಂತೆ. ಹಾಗಾಗಿ ಅವತ್ತು ನೀವು ಹೇಳಿದ್ದು ನಡೆಯಲ್ಲ. ನೀವು ಸೋತಿಲ್ಲ. ಅವನು ಸತ್ತಿರೋದಂತೂ ಖಂಡಿತ, ಆದ್ರೆ ನೀವು ಸೋತಿಲ್ಲ."

ಮೀಟರಪ್ಪ ಸುಮ್ಮನೆ ನಿಂತಿದ್ದ. ಮೊಣಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಹಲೋ?" ಎಂದರು ಕಾಂಪೌಂಡರು, ಧ್ವನಿಯಲ್ಲಿ ಗಾಬರಿ. "ಇದೀರಾ?"

"ಇದೀನಿ," ಎಂದ ಮೀಟರಪ್ಪ. "ಇದೀನಿ, ಮಾತಾಡಿ."